ಎರೆ ನೆಲದ ಮೇಲೊಂದು ಪುಟ್ಟ ಮನೆ: ಕಲಬುರಗಿಯ ನಿರ್ಮಾಣ ತಂಡವೊಂದರ ಕೆಲಸದ ವಿಮರ್ಶೆ

ಕಲಬುರಗಿಯ ಹೊರವಲಯದಲ್ಲಿ, ಆಳಂದ ರಸ್ತೆಗೆ ಸಮೀಪದ ಬಡಾವಣೆಯೊಂದರಲ್ಲಿ, ನನ್ನ ತಂದೆತಾಯಿಗಳಿಗಾಗಿ ನಾವು 430 ಚದರ ಅಡಿಯ ಮನೆಯೊಂದನ್ನು ಕಟ್ಟಿಸಿದೆವು. ಇಬ್ಬರು ಸಿವಿಲ್ ಎಂಜಿನಿಯರುಗಳು, ಒಬ್ಬ ಹಿರಿಯ ಗೌಂಡಿ ಮತ್ತು ಅವರ ಕೈಕೆಳಗಿನ ಆಳುಗಳು ಸೇರಿದ ಸಣ್ಣ ತಂಡವೊಂದು ಈ ಕೆಲಸ ಮಾಡಿತು. ಕಡಿಮೆ ವೆಚ್ಚದ, ಪರಿಸರಕ್ಕೆ ಹಗುರವಾದ ಸಣ್ಣ ಮನೆಗಳನ್ನು ಕಟ್ಟಿಕೊಡುತ್ತೇವೆ ಎಂಬುದು ಅವರು ಹೇಳಿಕೊಳ್ಳುವ ಮಾತು. ಮನೆ ಒಂದು ಕಡು ಬೇಸಿಗೆಯನ್ನೂ ಒಂದು ಒಳ್ಳೆಯ ಮಳೆಗಾಲವನ್ನೂ ಕಂಡಾಗಿರುವುದರಿಂದ ಈಗ ಆ ಮಾತನ್ನು ಪರಿಶೀಲಿಸಬಹುದು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ತಂಡದ ಹೆಸರನ್ನು ಹೇಳುವುದಿಲ್ಲ. ಆದರೆ ಈ ಬಗೆಯ ಕೆಲಸವನ್ನು ಯಾರಿಂದ ಮಾಡಿಸಿದರೂ ಕೇಳಬೇಕಾದ ಪ್ರಶ್ನೆಗಳು ಇವೇ ಆಗಿರುತ್ತವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪಾಯ ಮತ್ತು ಗೋಡೆಗಳ ಕೆಲಸ ಅತ್ಯುತ್ತಮವಾಗಿದೆ, ಚಾವಣಿ ಚೆನ್ನಾಗಿದೆ, ಒಳವಿನ್ಯಾಸದಲ್ಲಿ ಕೊರತೆಗಳಿವೆ, ಕಾಗದಪತ್ರ ಮತ್ತು ಕಾಲಪಾಲನೆಯ ವಿಷಯದಲ್ಲಿ ತಂಡ ಬಹಳ ಸುಧಾರಿಸಬೇಕಾಗಿದೆ. ಪರಿಸರಸ್ನೇಹಿ ಮನೆ ಎಂದೊಡನೆ ಜನರ ಕಣ್ಣಿಗೆ ಬರುವ ಮಣ್ಣಿನ ಇಟ್ಟಂಗಿ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹಾಗೆ ಇಲ್ಲದಿರುವುದೇ ಈ ತಂಡದ ಬಗ್ಗೆ ನನಗೆ ಗೌರವ ಮೂಡಿಸಿದ ಮೊದಲ ಸಂಗತಿ.

ನಾವು ಅವರನ್ನು ಕಾಣಲು ಹೋದದ್ದು ಮಣ್ಣಿನ ಇಟ್ಟಂಗಿಯ ಆಸೆಯಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಂಗಿಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿ, ದಕ್ಷಿಣ ಕರ್ನಾಟಕದಲ್ಲಿ ಆ ಪದ್ಧತಿಯನ್ನು ಜನಪ್ರಿಯಗೊಳಿಸಿದೆ. ಅಂಥ ಮನೆಗಳನ್ನು ನೋಡಿಬಂದವರು ನಮ್ಮಲ್ಲೂ ಅದನ್ನೇ ಕೇಳುತ್ತಾರೆ. ಆದರೆ ಆ ಇಟ್ಟಂಗಿಗೆ ಎಲ್ಲ ಮಣ್ಣೂ ಆಗುವುದಿಲ್ಲ. ಆರೋವಿಲ್ಲಿನ ಭೂಮಿ ಸಂಸ್ಥೆ ಸೂಚಿಸುವ ಲೆಕ್ಕದ ಪ್ರಕಾರ ಒಳ್ಳೆಯ ಮಿಶ್ರಣದಲ್ಲಿ ಮರಳು ಅರ್ಧದಷ್ಟು, ಗರಸು ಶೇ. 15, ಸೂಕ್ಷ್ಮ ಹೂಳುಮಣ್ಣು ಶೇ. 15, ಜೇಡಿ ಶೇ. 20 ಇರಬೇಕು, ಅದಕ್ಕೆ ಶೇ. 5ರಷ್ಟು ಸಿಮೆಂಟ್ ಸೇರಿಸಿದರೆ ಸಾಕಾಗುತ್ತದೆ. ನಮ್ಮ ನಿವೇಶನದ ಮಣ್ಣು ತೊಗರಿ ಬೆಳೆಯುವ ಅಪ್ಪಟ ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು. ಹಿರಿಯ ಗೌಂಡಿ ಅದರ ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಅಲ್ಲಾಡಿಸಿ, ಕಟ್ಟೆಯ ಮೇಲಿಟ್ಟರು. ಮರಳು ಕೆಳಗೆ ತೆಳುವಾಗಿ ಕೂತಿತು. ಉಳಿದುದೆಲ್ಲ ಕಪ್ಪು ರಾಡಿಯಾಗಿಯೇ ನಿಂತಿತು. "ಸರ, ಈ ಮಣ್ಣಾಗ ಇಟ್ಟಂಗಿ ಒತ್ತಿದ್ರ ಮಳಿಗಾಲದಾಗ ಉಬ್ಬತಾವ, ಬ್ಯಾಸಿಗ್ಯಾಗ ಬಿರೀತಾವ. ನಿಮಗ ಕಲ್ಲಿನ ಗ್ವಾಡಿನೇ ಛಲೋ" ಎಂದು ಅವರು ಹೇಳಿದರು.

ಎರೆ ಮಣ್ಣಿಗೆ ಸುಣ್ಣ ಮತ್ತು ಕಲ್ಲಿನ ಪುಡಿ ಬೆರೆಸಿ ಪಳಗಿಸುವ ಉಪಾಯವಿದೆ, ಇಲ್ಲವೆಂದಲ್ಲ. ಆದರೆ ಹೊರಗಿನಿಂದ ಮರಳನ್ನೋ ಕಲ್ಲುಪುಡಿಯನ್ನೋ ಲಾರಿಯಲ್ಲಿ ತರಿಸಿ, ಇಟ್ಟಂಗಿ ಒತ್ತಿ, ಮೂರು ನಾಲ್ಕು ವಾರ ಗೋಣಿತಟ್ಟಿನ ಕೆಳಗೆ ನೀರುಣಿಸಿ ಗಟ್ಟಿಮಾಡುವ ಹೊತ್ತಿಗೆ, 'ನಿವೇಶನದ ಮಣ್ಣಿನಿಂದಲೇ ಮನೆ' ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಆ ನೀರಿನ ಲೆಕ್ಕವನ್ನೂ ಹಿಡಿಯಬೇಕು. ಗಿರಾಕಿ ಕೇಳಿದ್ದನ್ನೇ ಒಪ್ಪಿಕೊಂಡು ಹಣ ಎಣಿಸಿಕೊಳ್ಳುವುದು ಅವರಿಗೆ ಸುಲಭವಿತ್ತು. ಬೇಡವೆಂದು ಹೇಳಿ, ಕಾರಣವನ್ನೂ ತೋರಿಸಿಕೊಟ್ಟರು.

ಇನ್ನು ಪಾಯದ ಮಾತು. ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ ಎಂಬುದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಮನೆ ಕಟ್ಟಿಸುವವರು ಗಮನಿಸದೆ ಬಿಡುವುದು ಇನ್ನೊಂದು ಸಂಗತಿಯನ್ನು: ಈ ಮಣ್ಣು ದೊಡ್ಡ ಕಟ್ಟಡಕ್ಕಿಂತ ಸಣ್ಣ ಮನೆಗೇ ಹೆಚ್ಚು ಕೇಡು ಮಾಡುತ್ತದೆ. ಮೂರಂತಸ್ತಿನ ಕಟ್ಟಡದ ಭಾರ ಉಬ್ಬುವ ಮಣ್ಣನ್ನು ಒಂದಿಷ್ಟಾದರೂ ಒತ್ತಿ ಹಿಡಿಯುತ್ತದೆ. ಹಗುರವಾದ ಒಂದಂತಸ್ತಿನ ಮನೆಯನ್ನು ಮಣ್ಣು ಒಂದು ಮೂಲೆಯಲ್ಲಿ ಎತ್ತಿ, ಇನ್ನೊಂದು ಮೂಲೆಯಲ್ಲಿ ಇಳಿಸಿ, ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಬಿಡಿಸುತ್ತದೆ. ಆದ್ದರಿಂದ 'ಸಣ್ಣ ಮನೆ, ಸಣ್ಣ ಪಾಯ' ಎಂದು ಉಳಿತಾಯಕ್ಕೆ ಹೊರಡುವ ಗುತ್ತಿಗೆದಾರರನ್ನು ನಮ್ಮ ಜಿಲ್ಲೆಯಲ್ಲಿ ದೂರವಿಡುವುದೇ ಲೇಸು.

ಇದಕ್ಕೆ ಪರಿಹಾರಗಳು ಹಳೆಯವೇ. ಎರೆ ಬಹಳ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸಬೇಕು. ಆಳವಾದ ಎರೆಯಲ್ಲಿ ಅವುಗಳ ಉದ್ದ ಕನಿಷ್ಠ ಮೂರೂವರೆ ಮೀಟರ್ ಇರಬೇಕೆಂಬುದು ನಿಯಮ, ಬುಡದ ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಇರುತ್ತದೆ. ಎರೆಯ ಪದರ ಆಳವಿಲ್ಲದಿದ್ದರೆ ಅದನ್ನು ಪೂರ್ತಿ ಅಗೆದು ತೆಗೆದು, ಕೆಳಗಿನ ಗಟ್ಟಿ ಗರಸುಮಣ್ಣಾದ ಮುರುಮಿನ ಮೇಲೆ ಪಾಯ ಕೂರಿಸಬಹುದು. ತಂಡವು ದರ ಹೇಳುವ ಮೊದಲು ನಿವೇಶನದ ಎರಡು ಮೂಲೆಗಳಲ್ಲಿ ಗುಂಡಿ ತೆಗೆಸಿ ನೋಡಿತು. ನಮ್ಮಲ್ಲಿ ಐದಡಿಯೊಳಗೇ ಮುರುಮ್ ಸಿಕ್ಕಿದ್ದರಿಂದ ಎರಡನೆಯ ದಾರಿ ಸಾಕಾಯಿತು. ತೆಗೆದ ಕಪ್ಪು ಮಣ್ಣನ್ನು ಪಾಯದ ಅಕ್ಕಪಕ್ಕಕ್ಕೆ ಮತ್ತೆ ತುಂಬಲು ಬಿಡಲಿಲ್ಲ. ಮುರುಮನ್ನೇ ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಿದರು. ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಫರ್ಸಿ (ಶಹಾಬಾದ ಹಾಸುಗಲ್ಲು) ಹಾಸಿದರು, ಮಳೆನೀರು ಗೋಡೆಯ ಬುಡದಲ್ಲಿ ಇಂಗಬಾರದೆಂಬ ಕಾರಣಕ್ಕೆ. ಗೋಡೆಗೆ ಹತ್ತಿರವಾಗಿ ಬೇವು ನೆಡಲು ನಮ್ಮ ತಾಯಿ ಹೊರಟಾಗ, ಬೇರು ನೆಲದ ತೇವವನ್ನು ಹೀರಿ ಆ ಕಡೆಯ ಮಣ್ಣನ್ನಷ್ಟೇ ಕುಗ್ಗಿಸುತ್ತದೆಂದು ತಡೆದು, ಅಂಗಳದ ಆಚೆ ತುದಿಯನ್ನು ತೋರಿಸಿದರು. ಒಟ್ಟು ವೆಚ್ಚದ ಕಾಲು ಭಾಗಕ್ಕೆ ಹತ್ತಿರದಷ್ಟು ಹಣ ನೆಲದೊಳಗೇ ಹೋಯಿತು. ಸಂಬಂಧಿಕರಲ್ಲಿ ಕೆಲವರು ಅದನ್ನು ದಂಡ ಎಂದರು. ಮೊದಲ ಮಳೆಗಾಲ ಮುಗಿದ ಮೇಲೂ ಗೋಡೆಯಲ್ಲಿ ಕೂದಲೆಳೆಯ ಬಿರುಕೂ ಕಾಣಿಸಲಿಲ್ಲ.

ಗೋಡೆಗಳು ಶಹಾಬಾದ ಕಲ್ಲಿನವು. ಶಹಾಬಾದ, ವಾಡಿ, ಚಿತ್ತಾಪುರದ ಗಣಿಗಳಿಂದ ಏಳುವ ಹಾಸುಗಲ್ಲನ್ನು ಅಳತೆಗೆ ಕೊಯ್ಯುವಾಗ ಉಳಿಯುವ ಅಂಚಿನ ಚೂರುಗಳು ಆ ಭಾಗದ ರಸ್ತೆಗಳ ಪಕ್ಕದಲ್ಲಿ ಗುಡ್ಡೆಗಟ್ಟಿ ಬಿದ್ದಿರುವುದನ್ನು ಎಲ್ಲರೂ ನೋಡಿದ್ದೇವೆ. ತಂಡ ಬಳಸುವುದು ಆ ಚೂರುಗಳನ್ನೇ. ಅವನ್ನು ಚಪ್ಪಟೆಯಾಗಿ ಒಂದರ ಮೇಲೊಂದು ಪೇರಿಸಿ, ಸುಣ್ಣ ಹೆಚ್ಚಾಗಿ ಸಿಮೆಂಟ್ ಕಡಿಮೆಯಾಗಿ ಬೆರೆಸಿದ ಗಾರೆಯಿಂದ ಹದಿನೈದು ಅಂಗುಲದ ಗೋಡೆ ಏರಿಸುತ್ತಾರೆ. ಕಲ್ಲಿನ ಬೆಲೆಗಿಂತ ಸಾಗಾಣಿಕೆಯ ಖರ್ಚೇ ಹೆಚ್ಚು. ಹೊರಮುಖಕ್ಕೆ ಗಿಲಾವು ಇಲ್ಲ, ಬಣ್ಣವೂ ಇಲ್ಲ. ಬೂದು ಮತ್ತು ನಸುಹಳದಿ ಪಟ್ಟಿಗಳ ಆ ಗೋಡೆ ಸಂಜೆಯ ಬಿಸಿಲಿನಲ್ಲಿ ಚೆಂದ ಕಾಣುತ್ತದೆಂಬುದನ್ನು ಈ ಮನೆಯನ್ನು ಮೊದಲು ಮೂಗು ಮುರಿದು ನೋಡಿದ ನೆರೆಯವರೂ ಈಗ ಒಪ್ಪುತ್ತಾರೆ.

ಪರಿಸರದ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಸ್ಥಿತಿ ವಿಚಿತ್ರವಾದುದು. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಮಗ್ಗುಲಲ್ಲೇ ಇರುವುದರಿಂದ, 'ಸಿಮೆಂಟ್ ದೂರದಿಂದ ಬರುತ್ತದೆ, ಅದಕ್ಕೇ ಕಡಿಮೆ ಬಳಸಿ' ಎಂಬ ವಾದ ಇಲ್ಲಿ ನಡೆಯುವುದಿಲ್ಲ. ನಿಜವಾದ ವ್ಯತ್ಯಾಸ ಕುಲುಮೆಯಲ್ಲಿದೆ. ಸಿಮೆಂಟಿನ ಮೂಲವಾದ ಕ್ಲಿಂಕರನ್ನು ತಯಾರಿಸಲು ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಬೇಕು. ಒಂದು ಟನ್ ಕ್ಲಿಂಕರ್ ಆಗುವಷ್ಟರಲ್ಲಿ ಆ ಕಲ್ಲಿನಿಂದಲೇ ಅರ್ಧ ಟನ್ನಿಗೂ ತುಸು ಮಿಕ್ಕು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಉರುವಲಿನದು ಬೇರೆ. ಫರ್ಸಿಯೂ ಇದೇ ಭೀಮಾ ಕಣಿವೆಯ ಸುಣ್ಣಕಲ್ಲು. ಅದನ್ನು ಸುಡದೆ, ಅದೂ ಎಸೆದ ಚೂರನ್ನು, ಹಾಗೆಯೇ ಗೋಡೆಗಿಟ್ಟರೆ ಕುಲುಮೆಯ ಪ್ರಶ್ನೆಯೇ ಏಳುವುದಿಲ್ಲ. ಗಾರೆಯ ಸುಣ್ಣವನ್ನೂ ಸುಟ್ಟೇ ಮಾಡಬೇಕಷ್ಟೆ, ಆದ್ದರಿಂದ ಮನೆ ಪೂರ್ತಿ 'ಹಸಿರು' ಎಂದು ನಾನು ಹೇಳಲಾರೆ. ಅವರ ಕರಪತ್ರದಲ್ಲಿ ಹಾಗೆ ಅಚ್ಚಾಗಿರುವುದು ಸರಿಯಲ್ಲ.

ಕಲ್ಲಿನ ಗೋಡೆ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ಕಿಲ್ಲಾರಿ ನೆನಪಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರು ಜಿಲ್ಲೆಯಲ್ಲಿ ಭೂಮಿ ನಡುಗಿದಾಗ ಹತ್ತು ಸಾವಿರದಷ್ಟು ಜನ ಸತ್ತರು. ಅವರಲ್ಲಿ ಹೆಚ್ಚಿನವರ ಮೇಲೆ ಬಿದ್ದದ್ದು ಅವರದೇ ಮನೆಯ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಆ ಗೋಡೆಗಳು ಹೊರಗೊಂದು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರು ತುಂಬಿದಂಥವು. ನಡುಕಕ್ಕೆ ಎರಡು ಸಾಲುಗಳೂ ಬೇರೆಯಾಗಿ ಬಾಯ್ದೆರೆದವು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮೇಲಿಂದ ಮೇಲೆ ಕಂಪನಗಳಾಗಿ ಜನ ಮನೆಯ ಹೊರಗೆ ರಾತ್ರಿ ಕಳೆದದ್ದು ಇನ್ನೂ ಹಳತಾಗಿಲ್ಲ. ಹೀಗಿರುವಾಗ, ಕಲ್ಲಿನ ಮನೆ ಮಾರುವ ಯಾರನ್ನೇ ಆದರೂ ಕೇಳಬೇಕಾದ ಮೊದಲ ಪ್ರಶ್ನೆ ಗೋಡೆಯ ಎರಡು ಮುಖಗಳನ್ನು ಯಾವುದು ಹಿಡಿದಿಟ್ಟಿದೆ ಎಂಬುದೇ.

ತಂಡವನ್ನು ನಾವು ಈ ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ಗೋಡೆಯ ಪೂರ್ತಿ ದಪ್ಪವನ್ನು ಹಾಯುವ ಉದ್ದ ಕಲ್ಲುಗಳನ್ನು ಎತ್ತರದಲ್ಲಿ ಪ್ರತಿ ಎರಡಡಿಗೆ, ಅಡ್ಡಲಾಗಿ ಪ್ರತಿ ನಾಲ್ಕಡಿಗೆ ಒಂದರಂತೆ ಇಟ್ಟು, ಅವುಗಳ ತುದಿಗೆ ಕೆಂಪು ಬಣ್ಣ ಹಚ್ಚಿ ಗುರುತು ಮಾಡಿದ್ದರು. ನಾವು ಎಣಿಸಿ ನೋಡಬಹುದಿತ್ತು. 1993ರಲ್ಲಿ ಹೊರಬಂದ ಭಾರತೀಯ ಮಾನಕ 13828 ಹೇಳುವುದೂ ಇದೇ ಅಂತರವನ್ನು. ಪಾಯದ ಮಟ್ಟ, ಬಾಗಿಲ ನೆತ್ತಿಯ ಮಟ್ಟ ಮತ್ತು ಚಾವಣಿಯ ಕೆಳಗೆ, ಹೀಗೆ ಮೂರು ಕಡೆ ಕಬ್ಬಿಣದ ಸಲಾಕೆಯುಳ್ಳ ಕಾಂಕ್ರೀಟ್ ಪಟ್ಟಿ ಮನೆಯನ್ನು ಸುತ್ತುವರಿದಿದೆ. ಮಾನಕದ ಪ್ರಕಾರ ಇಂಥ ಗೋಡೆ 450 ಮಿಲಿಮೀಟರಿಗಿಂತ ದಪ್ಪವಿರಬಾರದು. ನಮ್ಮದು ಅದರೊಳಗೇ ಇದೆ. ಹಳೆಯ ವಾಡೆಗಳಂತೆ ಎರಡೂವರೆ ಅಡಿಯ ಗೋಡೆ ಬೇಕೆಂದು ತಂದೆಯವರು ಹಟ ಹಿಡಿದಿದ್ದರು. ಎಂಜಿನಿಯರರು ಕಿಲ್ಲಾರಿಯ ಗೋಡೆಯ ಚಿತ್ರವೊಂದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಆ ಹಟ ಮುಗಿಯಿತು.

ಚಾವಣಿಯ ವಿಷಯಕ್ಕೆ ಬರುತ್ತೇನೆ. ಕೇರಳದಲ್ಲಿ ನೆಲೆಸಿ ಅಗ್ಗದ ಮನೆಗಳಿಗಾಗಿ ಬದುಕನ್ನೇ ಸವೆಸಿದ ಲಾರಿ ಬೇಕರ್ (1917-2007) ಅವರು ಪ್ರಚಾರಕ್ಕೆ ತಂದ ಭರ್ತಿ ಸ್ಲ್ಯಾಬಿನ ಪದ್ಧತಿಯನ್ನು ತಂಡ ಅನುಸರಿಸುತ್ತದೆ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದರಲ್ಲಿ ಹೆಚ್ಚಿನ ಪಾಲು ವಹಿಸುವುದಿಲ್ಲ, ಅಲ್ಲಿ ಎಳೆತವನ್ನು ತಾಳುವುದು ಸಲಾಕೆ. ಆದ್ದರಿಂದ ಸಲಾಕೆಗಳ ನಡುವಿನ ಆ ಜಾಗದಲ್ಲಿ ಹಗುರವಾದುದೇನನ್ನಾದರೂ ಇಟ್ಟರೆ ಕಾಂಕ್ರೀಟೂ ಉಳಿಯುತ್ತದೆ, ಮೇಲಿನ ಭಾರವೂ ಇಳಿಯುತ್ತದೆ. ಕೇರಳದಲ್ಲಿ ಇದಕ್ಕೆ ಹಳೆಯ ಹೆಂಚು ಬಳಸುತ್ತಾರೆ. ಕಲಬುರಗಿಗೆ ಮಂಗಳೂರು ಹೆಂಚನ್ನು ತರಿಸುವುದು ಹುಚ್ಚಾಟವೆಂದು ತಂಡದವರು ಸ್ಥಳೀಯ ಕುಂಬಾರರಿಂದ ಅಗಲ ಬಾಯಿಯ ಮಣ್ಣಿನ ಬೋಗುಣಿಗಳನ್ನು ಮಾಡಿಸಿ ಬೋರಲು ಹಾಕಿದ್ದಾರೆ. ಬೋಗುಣಿಯೊಳಗೆ ಸೆರೆಯಾದ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಮೇಲೆ ಸುಣ್ಣದ ಗಾರೆಯಲ್ಲಿ ಬಿಳಿ ಟೈಲ್ ಚೂರುಗಳನ್ನು ಕೂರಿಸಿದ್ದಾರೆ. ಅವು ಬಿಸಿಲನ್ನು ಮರಳಿ ಆಕಾಶಕ್ಕೆ ತೂರುತ್ತವೆ. ಒಳಗಿನಿಂದ ತಲೆಯೆತ್ತಿ ನೋಡಿದರೆ ಕೆಂಪು ವೃತ್ತಗಳ ಸಾಲು ಕಾಣುತ್ತದೆ. ಹತ್ತಾರು ಬೋಗುಣಿಗಳಲ್ಲಿ ಕೆಲವು ಸರಿಯಾಗಿ ಬೇಯದ ಕಾರಣ ಕಾಂಕ್ರೀಟ್ ಸುರಿಯುವಾಗ ಒಡೆದವು, ಆ ಜಾಗಗಳಲ್ಲಿ ಒಳಗಿನಿಂದ ಗಿಲಾವಿನ ತೇಪೆ ಕಾಣುತ್ತದೆ. ಬೋಗುಣಿಗಳನ್ನು ನೀರಿನಲ್ಲಿ ನೆನೆಸಿ, ತಟ್ಟಿ, ಸದ್ದು ಕೇಳಿ ಆರಿಸಿದ್ದರೆ ಇದು ತಪ್ಪುತ್ತಿತ್ತು.

ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 43 ಡಿಗ್ರಿ ದಾಟುವುದು ಅಪರೂಪವಲ್ಲ. ಆ ದಿನಗಳಲ್ಲಿ ಮಧ್ಯಾಹ್ನ ಈ ಮನೆಯೊಳಗೆ ಕಾಲಿಟ್ಟರೆ ವ್ಯತ್ಯಾಸ ಮೈಗೆ ತಿಳಿಯುತ್ತದೆ. ದಪ್ಪ ಕಲ್ಲು ಕಾವನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಬಿಸಿ ಒಳಮುಖವನ್ನು ಮುಟ್ಟುವಾಗ ಕತ್ತಲಾಗಿರುತ್ತದೆ. ಒಣ ಹವೆಯ ಊರಾದ್ದರಿಂದ ಒಂದು ಸಾದಾ ಕೂಲರ್ ಇಟ್ಟರೆ ಹಗಲು ಸುಖವಾಗಿ ಕಳೆಯುತ್ತದೆ, ಏಸಿಯ ಮಾತೇ ಬರಲಿಲ್ಲ. ಆದರೆ ಇದೇ ಗುಣ ರಾತ್ರಿ ಎಂಟರ ನಂತರ ತಿರುಗಿ ಬೀಳುತ್ತದೆ. ಹೀರಿದ ಕಾವನ್ನು ಗೋಡೆ ಒಳಕ್ಕೆ ಬಿಡತೊಡಗುತ್ತದೆ. ಹೊರಗೆ ತಂಗಾಳಿ ಬೀಸುವ ಹೊತ್ತಿಗೆ ಒಳಗೆ ಬೆವರು. ಕಿಟಕಿ ಎಲ್ಲ ತೆರೆದು, ಚಾವಣಿಯ ಬೆಳಕಿಂಡಿಯಿಂದ ಬಿಸಿಗಾಳಿ ಹೋಗಲು ಬಿಟ್ಟರೆ ಹತ್ತೂವರೆ ಹನ್ನೊಂದಕ್ಕೆ ಹದಕ್ಕೆ ಬರುತ್ತದೆ. ಈ ಸಂಗತಿಯನ್ನು ತಂಡ ಮೊದಲೇ ಹೇಳಬೇಕಿತ್ತು, ಏಕೆಂದರೆ ಇದು ಕಲ್ಲಿನ ಮನೆಯ ಸ್ವಭಾವ.

ನನ್ನ ಅತಿ ದೊಡ್ಡ ದೂರು ಇದಕ್ಕೇ ಸಂಬಂಧಿಸಿದ್ದು. ಕಲಬುರಗಿಯ ಬೇಸಿಗೆಯ ರಾತ್ರಿಗಳಲ್ಲಿ ಜನ ಮಾಳಿಗೆಯ ಮೇಲೆ ಮಲಗುತ್ತಾರೆ. ಹಾಸಿಗೆ ಸುರುಳಿ, ನೀರಿನ ತಂಬಿಗೆ ಹಿಡಿದು ಮೇಲೆ ಹತ್ತುವುದು ಇಲ್ಲಿಯ ಬದುಕಿನ ಭಾಗ. ಕಲ್ಲಿನ ಗೋಡೆಯ ರಾತ್ರಿಯ ಕಾವಿಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉತ್ತರವೂ ಅದೇ. ಹೀಗಿದ್ದೂ ತಂಡದ ನಕ್ಷೆಯಲ್ಲಿ ಮೆಟ್ಟಿಲೇ ಇರಲಿಲ್ಲ. ವೆಚ್ಚ ಉಳಿಸಲು ಗೋಡೆಗೆ ಒರಗಿಸಿದ ಕಬ್ಬಿಣದ ನಿಚ್ಚಣಿಕೆಯೊಂದನ್ನು ಕೊಟ್ಟು, ಟ್ಯಾಂಕ್ ತೊಳೆಯಲು ಇದು ಸಾಕು ಎಂದರು. ಎಪ್ಪತ್ತು ದಾಟಿದ ಇಬ್ಬರು ಇರುವ ಮನೆಗೆ ಅದು ಇದ್ದೂ ಇಲ್ಲದಂತೆ. ಮಾಳಿಗೆಯ ಅಂಚಿನ ಗಿಡ್ಡ ಗೋಡೆಯಾದ ಕುಂಬಿಯ ಎತ್ತರವೂ ಒಂದೂವರೆ ಅಡಿ ಮಾತ್ರ. ಬಳಿಕ ಹೊರಗಡೆ ಫರ್ಸಿಯ ಮೆಟ್ಟಿಲು ಕಟ್ಟಿಸಿ, ಕುಂಬಿ ಎತ್ತರಿಸಿ, ಬೇರೆ ಹಣ ತೆತ್ತೆವು. ಬೆಂಗಳೂರಿನ ಪುಸ್ತಕದ ನಕ್ಷೆಯನ್ನು ಇಲ್ಲಿಗೆ ಇಳಿಸಿದಾಗ ಆಗುವ ಎಡವಟ್ಟು ಇದು. ಮಣ್ಣಿನ ವಿಷಯದಲ್ಲಿ ಅಷ್ಟು ಎಚ್ಚರವಿದ್ದವರು ನಿದ್ರೆಯ ವಿಷಯದಲ್ಲಿ ಹೀಗೆ ಮರೆತದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಒಳಗಿನ ಜಾಗದ ಹಂಚಿಕೆ ಮಿಶ್ರ ಅನುಭವ. ಒಂದು ಪಡಸಾಲೆ, ಒಂದು ಮಲಗುವ ಕೋಣೆ, ಅಡುಗೆಮನೆ, ಬಚ್ಚಲು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ 270 ಚದರ ಅಡಿಯಷ್ಟು ಇರಬೇಕೆಂಬ ನಿಯಮವಿದೆ, ಅದಕ್ಕೆ ಹೋಲಿಸಿದರೆ ನಮ್ಮದು ವಿಶಾಲವೇ. ಗೋಡೆಯ ದಪ್ಪವನ್ನೇ ಬಳಸಿಕೊಂಡು ಮಾಡಿದ ಗೂಡುಗಳಲ್ಲಿ ದೇವರು, ಪುಸ್ತಕ, ಔಷಧಿ ಎಲ್ಲವೂ ಕೂತಿವೆ, ಕಪಾಟು ಕೊಳ್ಳಬೇಕಾಗಲಿಲ್ಲ. ಬಾಗಿಲ ಎದುರಿನ ಕಟ್ಟೆ ಮನೆಯ ಅರ್ಧ ಬದುಕನ್ನು ಹೊರಗೆ ಎಳೆದುಕೊಂಡಿದೆ. ಆದರೆ ವರ್ಷದ ಜೋಳ, ತೊಗರಿಬೇಳೆ ತುಂಬಿಡುವ ಕುಟುಂಬಕ್ಕೆ ಅಡುಗೆಮನೆ ಇಕ್ಕಟ್ಟು. ರೊಟ್ಟಿ ಬಡಿಯುವವರು ಕೂರಲು, ಪರಾತ ಇಡಲು ಜಾಗವಿಲ್ಲದೆ ತಾಯಿಯವರು ಆ ಕೆಲಸವನ್ನು ಪಡಸಾಲೆಗೆ ಸಾಗಿಸಿದ್ದಾರೆ.

ನೆಲಕ್ಕೆ ಪಾಲಿಶ್ ಮಾಡದ ಫರ್ಸಿ. ಅದರ ಬಗ್ಗೆ ಈ ಊರಿನಲ್ಲಿ ಯಾರಿಗೂ ಏನೂ ಹೇಳಬೇಕಿಲ್ಲ.

ಮಳೆನೀರಿನ ಏರ್ಪಾಡು ಮೆಚ್ಚುವಂತಿದೆ. ಚಾವಣಿಯ ವಿಸ್ತೀರ್ಣ ಸುಮಾರು 40 ಚದರ ಮೀಟರ್. ವರ್ಷಕ್ಕೆ 750 ಮಿಲಿಮೀಟರ್ ಮಳೆಯೆಂದು ಹಿಡಿದು, ಸೋರಿ ಆರಿ ಹೋಗುವುದನ್ನು ಕಳೆದರೂ 24,000 ಲೀಟರ್ ನೀರು ಸಿಗುತ್ತದೆ. ಇಬ್ಬರ ವರ್ಷದ ಅಗತ್ಯಕ್ಕೆ ಅದು ಸಾಲದು, ಕುಡಿಯಲು ಮತ್ತು ಅಡುಗೆಗೆ ಧಾರಾಳವಾಗಿ ಸಾಕು. ಆದರೆ ಕೊಟ್ಟ ತೊಟ್ಟಿ 5,000 ಲೀಟರಿನದು. ನಮ್ಮ ಕಡೆಯ ಮಳೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೆಲವೇ ಬಿರುಸಿನ ದಿನಗಳಲ್ಲಿ ಸುರಿದು ಹೋಗುವುದರಿಂದ ಹೆಚ್ಚಿನ ನೀರು ತೊಟ್ಟಿ ತುಂಬಿ ಹೊರಹೋಗುತ್ತದೆ. ಹೆಚ್ಚಿನ ನೀರನ್ನು ಇಂಗುಗುಂಡಿಗೆ ತಿರುಗಿಸಿದ್ದಾರೆ. ಗುಂಡಿ ಮನೆಯಿಂದ ಸಾಕಷ್ಟು ದೂರದಲ್ಲಿದೆ ಎಂಬುದನ್ನು ಗಮನಿಸಿದೆ, ಎರೆ ನೆಲದಲ್ಲಿ ಅದು ಪಾಯದ ಹತ್ತಿರ ಇರಬಾರದು.

ಸೇವೆಯ ಇನ್ನೊಂದು ಮುಖ ಅಷ್ಟು ಸುಂದರವಲ್ಲ. ಕಲ್ಲು ಪೇರಿಸಿ ಗೋಡೆ ಎತ್ತುವ ಹಳೆಯ ಕೈಗಳು ಈಗ ಕಡಿಮೆ. ಪುಣೆ, ಹೈದರಾಬಾದಿನ ಕಟ್ಟಡಗಳಿಗೆ ದುಡಿಯಲು ಹೋದ ಹುಡುಗರಿಗೆ ಕಾಂಕ್ರೀಟ್ ಬಿಟ್ಟು ಬೇರೆ ಗೊತ್ತಿಲ್ಲ. ಆದ್ದರಿಂದ ಹಿರಿಯ ಗೌಂಡಿಯವರು ಬೇರೊಂದು ಕೆಲಸಕ್ಕೆ ಹೋದ ದಿನಗಳಲ್ಲಿ ನಮ್ಮ ಗೋಡೆ ಇದ್ದಲ್ಲೇ ಇರುತ್ತಿತ್ತು. ತೊಗರಿ ಕೊಯ್ಲಿನ ಹೊತ್ತಿಗೆ ಆಳುಗಳೆಲ್ಲ ಊರಿಗೆ ಹೋದರು, ಸುಳಿವು ಕೊಡದೆ. ಇದು ಊಹಿಸಬಹುದಾದ ಸಂಗತಿ, ಒಪ್ಪಂದದ ದಿನಾಂಕ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಹೇಳಿದ ಅವಧಿಗಿಂತ ಬಹಳ ತಡವಾಗಿ ಮನೆ ಕೈಗೆ ಬಂತು. ಬಿಲ್ಲುಗಳಲ್ಲಿ ಕಲ್ಲಿನ ಸಾಗಾಣಿಕೆ ಎರಡು ಕಡೆ ಸೇರಿತ್ತು. ತೋರಿಸಿದಾಗ ಸರಿಪಡಿಸಿದರು, ಆದರೆ ತೋರಿಸುವವರೆಗೆ ಸುಮ್ಮನಿದ್ದರು.

ಸಾಲ ಬೇಕಾದವರು ಇನ್ನಷ್ಟು ಜಾಗ್ರತೆ ವಹಿಸಬೇಕು. ನಾವು ಸಂಪರ್ಕಿಸಿದ ಬ್ಯಾಂಕೊಂದರ ಮೌಲ್ಯಮಾಪಕರು ಕಂಬ ತೊಲೆಗಳ ಚೌಕಟ್ಟಿಲ್ಲದ ಮನೆಯನ್ನು ಕಂಡು, ಗಿಲಾವಿಲ್ಲದ ಗೋಡೆಯನ್ನು 'ಅಪೂರ್ಣ ಕಾಮಗಾರಿ' ಎಂದು ಬರೆದರು. ಭಾರ ಹೊರುವ ಗೋಡೆಯ ಮನೆ ಎಂಬುದೂ ಮಾನಕಕ್ಕೆ ಒಳಪಟ್ಟ ಪದ್ಧತಿಯೇ ಎಂದು ವಿವರಿಸುವ, ಸಹಿ ಮೊಹರುಳ್ಳ ವಿನ್ಯಾಸ ವರದಿಯನ್ನು ತಂಡ ಮೊದಲೇ ಸಿದ್ಧವಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾವು ಕೇಳಿಕೇಳಿ ಅದನ್ನು ಬರೆಸಿಕೊಂಡೆವು.

ಖರ್ಚಿನ ವಿಷಯ. ಮೆಟ್ಟಿಲು, ತೊಟ್ಟಿ ಎಲ್ಲ ಸೇರಿ ಏಳು ಲಕ್ಷದ ಆಸುಪಾಸಿಗೆ ಬಂತು. ನಗರದ ಸಾಮಾನ್ಯ ಗುತ್ತಿಗೆದಾರರೊಬ್ಬರು ಇದೇ ಅಳತೆಗೆ ಕೊಟ್ಟ ಅಂದಾಜಿಗಿಂತ ಇದು ಕಡಿಮೆಯೇ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟು 'ಅರ್ಧ ಬೆಲೆ' ಖಂಡಿತ ಅಲ್ಲ. ಉಳಿದದ್ದು ಹೇಗೆಂದು ಬಿಡಿಸಿ ನೋಡಿದರೆ ಗಿಲಾವು ಮತ್ತು ಬಣ್ಣ ಇಲ್ಲದ್ದು ಒಂದು ಪಾಲು, ಚೂರು ಕಲ್ಲಿನದು ಇನ್ನೊಂದು ಪಾಲು, ಸ್ಲ್ಯಾಬಿನದು ಸಣ್ಣ ಪಾಲು. ಕಲ್ಲು ಪೇರಿಸುವ ಕೂಲಿ ಇಟ್ಟಂಗಿಯ ಕೂಲಿಗಿಂತ ಹೆಚ್ಚಾಗಿ, ಆ ಉಳಿತಾಯದಲ್ಲಿ ಒಂದಿಷ್ಟನ್ನು ತಿಂದಿತು. ಮಿಕ್ಕ ಅಗ್ಗತನವೆಲ್ಲ ಮನೆ ಚಿಕ್ಕದಾದ್ದರಿಂದ ಬಂದದ್ದು. ಹನ್ನೆರಡು ನೂರು ಚದರ ಅಡಿಯ ಮನೆಯನ್ನು ಇದೇ ಪದ್ಧತಿಯಲ್ಲಿ ಕಟ್ಟಿಸಿ ಬಹಳ ಉಳಿಸುತ್ತೇನೆಂದು ಹೊರಡುವವರಿಗೆ ನಿರಾಶೆಯಾದೀತು.

ಕಡಿಮೆ ಬೆಲೆಗೆ ಇನ್ನೊಂದು ದಾರಿಯಾಗಿ ಈಗ ಹೆದ್ದಾರಿಗಳ ಪಕ್ಕದಲ್ಲಿ ಕಬ್ಬಿಣದ ತಗಡಿನ ಸಿದ್ಧ ಕ್ಯಾಬಿನ್‌ಗಳು ಮಾರಾಟಕ್ಕೆ ನಿಂತಿವೆ. ಕ್ರೇನಿನಲ್ಲಿ ತಂದಿಟ್ಟರೆ ಅದೇ ದಿನ ವಾಸಕ್ಕೆ ಸಿದ್ಧ. ಕೆಲಸದ ಜಾಗದ ಕಚೇರಿಗೆ ಅವು ಸರಿ. ವಾಸಕ್ಕೆಂದರೆ, ತಗಡಿನ ಒಳಗೆ ತೆಳುವಾದ ಉಷ್ಣರೋಧಕ ಹಲಗೆ ಕೂರಿಸಿದ್ದರೂ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಏಸಿ ಇಲ್ಲದೆ ಒಳಗೆ ಕೂರುವುದು ಕಷ್ಟ. ಅದಕ್ಕೆ ವರ್ಷಗಟ್ಟಲೆ ಕಟ್ಟುವ ಜೆಸ್ಕಾಂ ವಿದ್ಯುತ್ ಬಿಲ್ಲನ್ನು ಸೇರಿಸಿದರೆ ಅದು ಅಗ್ಗವೂ ಅಲ್ಲ, ಪರಿಸರಕ್ಕೆ ಹಗುರವೂ ಅಲ್ಲ.

ನೆರೆಯ ಜಿಲ್ಲೆಗಳವರು ಈ ಅನುಭವವನ್ನು ಹಾಗೆಯೇ ಎತ್ತಿಕೊಳ್ಳಬಾರದು. ಬೀದರಿನ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ಗಣಿಯಿಂದ ಏಳುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು. ಕೊಡಲಿಯಲ್ಲೇ ಇಟ್ಟಂಗಿಯ ಆಕಾರಕ್ಕೆ ತರಬಹುದು. ಬೀದರ ಕೋಟೆ ನಿಂತಿರುವುದೇ ಆ ಕಲ್ಲಿನ ನೆಲದ ಮೇಲೆ, ನೌಬಾದಿನ ಸುರಂಗ ಬಾವಿಯನ್ನು ಕೊರೆದದ್ದೂ ಅದರೊಳಗೆ. ಅಲ್ಲಿ ಪಾಯಕ್ಕೆ ನಮ್ಮಷ್ಟು ಖರ್ಚು ಬೀಳುವುದಿಲ್ಲ. ಆದರೆ ರಂಧ್ರಗಳುಳ್ಳ ಆ ಕಲ್ಲು ನೀರು ಕುಡಿಯುವುದರಿಂದ, ಮಳೆಯೆದುರಿನ ಗೋಡೆಗೆ ಸುಣ್ಣದ ಗಿಲಾವನ್ನೂ ಚಾಚಿದ ಚಾವಣಿಯನ್ನೂ ಬಿಡುವಂತಿಲ್ಲ. ಯಾದಗಿರಿಯ ಕಡೆ, ಕರಿಕಲ್ಲಿನ ಗುಡ್ಡಗಳ ಬುಡದ ಕೆಂಪು ಮಸಾರಿ ಸಿಗುವ ಹಳ್ಳಿಗಳಲ್ಲಿ, ಮರಳಿನಂಶ ಹೆಚ್ಚಿರುವುದರಿಂದ, ನಮಗೆ ಒಲ್ಲದ ಒತ್ತಿದ ಮಣ್ಣಿನ ಇಟ್ಟಂಗಿಯೇ ಸರಿಹೋಗಬಹುದು. ಬಾಟಲಿಯ ಪರೀಕ್ಷೆಗೆ ಖರ್ಚಿಲ್ಲ, ಅದನ್ನು ಮಾಡಿ ನೋಡದೆ ಯಾರಿಗೂ ಮುಂಗಡ ಕೊಡಬಾರದು.

ಈ ತಂಡವನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುತ್ತೇನೆಯೇ ಎಂದರೆ, ಮಾಡುತ್ತೇನೆ, ಕೆಲವು ಷರತ್ತುಗಳೊಂದಿಗೆ. ಇಬ್ಬರು ಮೂವರ ಕುಟುಂಬವಾಗಿರಬೇಕು, ಬಾಡಿಗೆ ಮನೆ ಬಿಡುವ ಗಡಿಬಿಡಿ ಇರಬಾರದು. ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡದೆ ಪಾಯ, ಬಾಗಿಲ ನೆತ್ತಿಯ ಪಟ್ಟಿ, ಸ್ಲ್ಯಾಬ್, ನೆಲ ಎಂದು ಹಂತಗಳಿಗೆ ಕಟ್ಟಿಹಾಕಬೇಕು. ವಿನ್ಯಾಸ ವರದಿಯನ್ನು ಕೆಲಸ ಶುರುವಾಗುವ ಮೊದಲೇ ಸಹಿಯೊಂದಿಗೆ ಪಡೆಯಬೇಕು. ಕಲ್ಲಿನ ಕೆಲಸಕ್ಕೆ ಹಿರಿಯ ಗೌಂಡಿಯವರೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಬೇಕು. ಮೆಟ್ಟಿಲು ಮತ್ತು ಮೂರಡಿಯ ಕುಂಬಿಯನ್ನು ನಕ್ಷೆಯಲ್ಲೇ ಸೇರಿಸಲು ಹೇಳಬೇಕು. ಮೊದಲೇ ಕಟ್ಟಿಸಿದರೆ ನಾವು ತೆತ್ತಷ್ಟು ಬೀಳುವುದಿಲ್ಲ.